ಹೊಗೆಗೆ ಜಗ್ಗದ ಸೊಳ್ಳೆಗಳು

ಬಡಾವಣೆಯ ಜನಕ್ಕೆಲ್ಲ ಅವಳು ಹೊಗೆಯಕ್ಕ. ನಗರಸಭೆಯ ಸೊಳ್ಳೆ ನಿಯಂತ್ರಣ ತಂಡಕ್ಕೆ ಅವಳೇ ಯಜಮಾನಿ. ಸಂಜೆ ಬಿಸಿಲಿಳಿಯುವ ಹೊತ್ತಿಗೆ ಖಾಕಿ ಅಂಗಿ ತೊಟ್ಟು, ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿ, ಉದ್ದ ಮೂತಿಯ ಹೊಗೆ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಳೆಂದರೆ, ಯಂತ್ರದ ಗುಡುಗಿಗಿಂತ ಮೊದಲು ಅವಳ ಗಂಟಲು ಬೀದಿಯ ಕೊನೆ ಮುಟ್ಟುತ್ತಿತ್ತು.

"ಕಿಟಕಿ ಬಾಗಿಲು ತೆಗೀರಿ! ಅಡುಗೆ ಪಾತ್ರೆ ಮುಚ್ಚಿ! ಮಗೂನ ಎತ್ಕೊಂಡು ಹಿತ್ತಿಲಿಗೆ ಹೋಗಿ!"

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಕೈಗೆ ಪೊರಕೆ ಕೊಟ್ಟಿದ್ದರು. ಯಂತ್ರ ಹೊರುವುದು ಹೆಂಗಸರಿಂದ ಆಗದ ಮಾತು ಎಂದು ಅಂದಿನ ಮೇಸ್ತ್ರಿ ಹೇಳಿದಾಗ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಳು: "ಕಚ್ಚೋದು ಯಾವ ಸೊಳ್ಳೆ ಹೇಳಿ ನೋಡೋಣ? ಹೆಣ್ಣು ಸೊಳ್ಳೆ ತಾನೇ? ಗಂಡು ಪಾಪ ಗಿಡದ ರಸ ಕುಡ್ಕೊಂಡು ತನ್ನ ಪಾಡಿಗೆ ಇರುತ್ತೆ. ಹೆಣ್ಣಿನ ಬುದ್ಧಿ ಹೆಣ್ಣಿಗೇ ಗೊತ್ತಾಗೋದು, ಕೊಡಿ ಇಲ್ಲಿ." ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಯಂತ್ರ ಅವಳ ಹೆಗಲೇರಿತು, ಮತ್ತೆ ಇಳಿಯಲಿಲ್ಲ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಒಂಬತ್ತು ಅಳತೆಯ ಮಾತು. ಆ ಮನೆಯಲ್ಲಿ ಮೂರನೆಯವನು ಗಂಡನ ತಮ್ಮ, ಅವಳ ಮೈದುನ. ಹರೆಯದಲ್ಲಿ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಡಬ್ಬಿಗಳಿಗೆ ಬಣ್ಣ ತೆಳುಮಾಡುವ ತಿನ್ನರ್ ಬೆರೆಸಿ ಮಾರಿ ಸಿಕ್ಕಿಬಿದ್ದವನು. ಅಂಗಡಿಯವನು ಹೊರಹಾಕಿದ ಮೇಲೆ ಎಲ್ಲೂ ಕೆಲಸ ಹುಟ್ಟದೆ ಅಲೆಯುತ್ತಿದ್ದ ಅವನನ್ನು ಹೊಗೆಯಕ್ಕನೇ ಅಧಿಕಾರಿಯ ಮುಂದೆ ನಿಲ್ಲಿಸಿ, "ಇವನ ಹೊಣೆ ನಂದು" ಎಂದು ತಂಡಕ್ಕೆ ಸೇರಿಸಿದ್ದಳು. ಅಂದಿನಿಂದ ಡೀಸೆಲ್ಲಿಗೆ ಔಷಧಿ ಬೆರೆಸುವುದು ಅವನ ಕೆಲಸ. ಗೋದಾಮಿನ ಮೂಲೆಯಲ್ಲಿ ಅಳತೆಯ ಜಾಡಿ ಹಿಡಿದು ಕೂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಲೆಯೆತ್ತುತ್ತಿರಲಿಲ್ಲ. ವರ್ಷಗಳು ಹಾಗೇ ಕಳೆದವು. ತಿನ್ನರಿನ ಕತೆಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆ ಮಳೆಗಾಲ ಡೆಂಗ್ಯೂ ಜೋರಾಗಿ ಬಂತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆ ಅದು. ಮನೆ ಮನೆಯ ಮುಂದೆ ನೀಲಿ ಡ್ರಮ್ಮುಗಳು, ತಾರಸಿಯ ಮೇಲೆ ಮುಚ್ಚಳವಿಲ್ಲದ ತೊಟ್ಟಿಗಳು. ಹೊಗೆಯಕ್ಕನ ತಂಡ ಒಂದೇ ಬೀದಿಗೆ ಮತ್ತೆ ಮತ್ತೆ ಹೊಗೆ ಬಿಟ್ಟಿತು. ಹೊಗೆ ಚದುರುತ್ತಿದ್ದಂತೆ ಸೊಳ್ಳೆಗಳು ಮತ್ತೆ ಹಾಜರು. ಆಸ್ಪತ್ರೆಯ ವರಾಂಡದಲ್ಲೂ ಹಾಸಿಗೆ ಹಾಕಿದರು.

"ನಿಮ್ಮ ಹೊಗೆ ಕುಡಿದು ಸೊಳ್ಳೆಗಳಿಗೆ ಮೈ ಬಂದಿದೆ ಕಣಮ್ಮ," ಎಂದು ಜನ ಆಡಿಕೊಳ್ಳತೊಡಗಿದರು. ಮೂಲೆಮನೆಯಲ್ಲಿ ಒಬ್ಬರು ನಿವೃತ್ತ ಅಂಚೆ ಮಾಸ್ತರರಿದ್ದರು. ಅವರ ಮೊಮ್ಮಗಳು ಜ್ವರದಲ್ಲಿ ಮಲಗಿದ್ದಳು. ಅವರು ನೇರವಾಗಿ ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ ಮೇಜು ಕುಟ್ಟಿದರು. "ಬರೀ ಡೀಸೆಲ್ ಸುಡ್ತಾ ಇದಾರೆ. ಔಷಧಿ ಹೊರಗೆ ಮಾರಾಟ ಆಗ್ತಿದೆ. ಬೆರೆಸೋನು ಯಾರು ಅಂತ ಒಂದ್ಸಲ ವಿಚಾರಿಸಿ, ಹಳೇ ಕೈ ಅದು."

ಅಧಿಕಾರಿ ಕೆಟ್ಟವರಲ್ಲ. ಆದರೆ ಊರೆಲ್ಲ ಬೆರಳು ತೋರಿಸುವಾಗ ಸುಮ್ಮನಿರುವಂತೆಯೂ ಇರಲಿಲ್ಲ. ವಿಚಾರಣೆ ಮುಗಿಯುವ ತನಕ ಮೈದುನ ಗೋದಾಮಿಗೆ ಬರಬಾರದು ಎಂದರು.

ಅಂದು ಮೂವರೂ ಊಟಕ್ಕೆ ಕೂತಿದ್ದರು. ಹೊಗೆಯಕ್ಕ ಎರಡು ತುತ್ತು ನುಂಗಿದಳು. ಮೂರನೆಯದನ್ನು ತಟ್ಟೆಗೇ ಹಾಕಿದಳು.

"ನೋಡು, ನಾನು ಬಯ್ಯಲ್ಲ, ಹೊಡೆಯಲ್ಲ. ನಿಜ ಹೇಳಿಬಿಡು. ಔಷಧಿ ಕಡಿಮೆ ಹಾಕಿದ್ಯಾ?"

ಮೈದುನ ಅವಳ ಮುಖವನ್ನೇ ನೋಡಿದ. ಸಿಟ್ಟೂ ಬರಲಿಲ್ಲ ಅವನಿಗೆ. ತಟ್ಟೆಯನ್ನು ಮೆಲ್ಲಗೆ ಮುಂದೆ ಸರಿಸಿ, ಕೈ ತೊಳೆದು, ಗೂಟದಲ್ಲಿದ್ದ ಅಂಗಿ ತೆಗೆದುಕೊಂಡು ಹೊರಟುಹೋದ. ಬಸ್ ನಿಲ್ದಾಣದ ಹಿಂದೆ ಅವನ ಗೆಳೆಯನದೊಂದು ಪಂಕ್ಚರ್ ಅಂಗಡಿ ಇತ್ತು. ಅಲ್ಲೇ ಉಳಿದುಕೊಂಡ ಎಂದು ಮರುದಿನ ತಿಳಿಯಿತು.

ದರ್ಜಿ ಅಂದಿನ ಹತ್ತನೆಯ ಮಾತನ್ನು ಆಗ ಆಡಿದ: "ಕೇಳಬಾರದಾಗಿತ್ತು ನೀನು."

ಮಾತು ಆಡಿದರೆ ಹೋಯಿತು. ಆದರೆ ಹೊಗೆಯಕ್ಕ ತಲೆಮೇಲೆ ಕೈಹೊತ್ತು ಕೂರುವ ಹೆಂಗಸಲ್ಲ. ಮರುದಿನ ತಾನೇ ಗೋದಾಮಿಗೆ ಹೋಗಿ ಹೊಸ ಡಬ್ಬಿಯ ಬಿರಡೆ ಒಡೆದಳು. ತನ್ನ ಕೈಯಾರೆ ಅಳೆದು, ಹೇಳಿದ್ದಕ್ಕಿಂತ ಒಂದು ತೊಟ್ಟೂ ಕಡಿಮೆಯಾಗದಂತೆ ಬೆರೆಸಿದಳು. ಅದೇ ಬೀದಿಗೆ ಹೋಗಿ, ಖಾಲಿಯಿದ್ದ ಒಂದು ಬಾಡಿಗೆ ಮನೆ ಹೊಕ್ಕು, ಮುಖಕವಚ ಬಿಗಿದುಕೊಂಡು ಕೋಣೆ ತುಂಬ ಹೊಗೆ ತುಂಬಿಸಿದಳು. ಹೊಗೆ ತಿಳಿಯಾಗುವ ತನಕ ಕಾದು ಗೋಡೆಯ ಹತ್ತಿರ ಹೋದಳು. ಕಾಲಿಗೆ ಬಿಳಿ ಪಟ್ಟೆಯಿದ್ದ ಸೊಳ್ಳೆಯೊಂದು ಅಲ್ಲಿ ಕೂತಿತ್ತು. ಬೆರಳು ಚಾಚಿದಳು. ಅದು ಹಾರಿ ಕಿಟಕಿಯ ಸರಳಿನ ಮೇಲೆ ಆರಾಮವಾಗಿ ಕೂತು ಹಿಂಗಾಲು ಎತ್ತಿತು. ಅದರ ಪಕ್ಕ ಇನ್ನೊಂದು, ಪರದೆಯ ಮಡಿಕೆಯಲ್ಲಿ ಮತ್ತೆ ನಾಲ್ಕು.

ಹೊಗೆಯಕ್ಕ ಕವಚದೊಳಗೇ ಬಾಯಿಬಿಟ್ಟು ನಿಂತಳು. ಮೈದುನನ ಕೈ ಶುದ್ಧವಾಗಿತ್ತು. ಹಾಗಾದರೆ ಕೆಟ್ಟದ್ದು ಏನು?

ಅದನ್ನು ಕೇಳಲು ಊರಲ್ಲಿ ಒಬ್ಬರೇ ಇದ್ದರು. ಆರೋಗ್ಯ ಕಚೇರಿಯ ನೆಲಮಾಳಿಗೆಯಲ್ಲಿ ಸೊಳ್ಳೆ ಸಾಕುವ ಕೋಣೆಯಿತ್ತು. ಅಲ್ಲಿನ ವಿಜ್ಞಾನಿಯನ್ನು ಎಲ್ಲರೂ ಸೊಳ್ಳೆ ಡಾಕ್ಟರು ಅನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು. ದಪ್ಪ ಕನ್ನಡಕ, ತೋಳು ಮಡಚಿದ ಬಿಳಿ ಕೋಟು, ಮಾತು ಮಾತಿಗೂ ಗಹಗಹಿಸಿ ನಗುವ ಸ್ವಭಾವ. ಕೋಣೆ ಬಚ್ಚಲುಮನೆಯ ಹಾಗೆ ಬೆಚ್ಚಗೆ ತೇವವಾಗಿರುತ್ತಿತ್ತು. ಬಿಳಿ ತಟ್ಟೆಗಳ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು. ಪರದೆ ಬಿಗಿದ ಪೆಟ್ಟಿಗೆಗಳಲ್ಲಿ ಸಕ್ಕರೆ ನೀರಿನ ಹತ್ತಿಗೆ ಸೊಳ್ಳೆಗಳು ಮುತ್ತಿಕೊಂಡಿದ್ದವು. ಡಾಕ್ಟರು ಅವನ್ನು 'ಅರಮನೆಯವರು' ಎಂದು ಕರೆಯುತ್ತಿದ್ದರು. ಆ ಸಂತತಿ ಕೋಣೆಯೊಳಗೇ ಹುಟ್ಟಿ, ಕೋಣೆಯೊಳಗೇ ಮೊಟ್ಟೆಯಿಟ್ಟು, ತಲೆಮಾರುಗಳಿಂದ ಒಮ್ಮೆಯೂ ಔಷಧಿಯ ವಾಸನೆ ಕಂಡಿರಲಿಲ್ಲ.

"ಬೀದಿ ಸೊಳ್ಳೆ ತಂದಿದೀಯಾ? ತಾ ಇಲ್ಲಿ!" ಎಂದು ಡಾಕ್ಟರು ಅವಳು ಬಾಡಿಗೆ ಮನೆಯಲ್ಲಿ ಹಿಡಿದು ತಂದಿದ್ದ ಸೊಳ್ಳೆಗಳ, ಬಟ್ಟೆ ಕಟ್ಟಿದ ಗಾಜಿನ ಭರಣಿಯನ್ನು ಕಿತ್ತುಕೊಂಡರು. ಕತೆಯನ್ನೆಲ್ಲ ಕೇಳಿ ತಲೆಯಾಡಿಸಿದರು. "ಇವು ಎಷ್ಟು ವಯಸ್ಸಿನವು, ಏನು ತಿಂದಿವೆ ನಂಗೆ ಗೊತ್ತಿಲ್ಲ. ಸರಿಯಾಗಿ ನೋಡ್ಬೇಕಂದ್ರೆ ಮರಿಗಳು ಬೇಕು. ನಾನು ಇಲ್ಲೇ ಸಾಕಿ ದೊಡ್ಡವು ಮಾಡ್ತೀನಿ. ಎಲ್ಲಿ ಸಿಗುತ್ತೆ ಹೇಳು?"

ಎಲ್ಲಿ ಸಿಗುತ್ತದೆಂದು ಹೊಗೆಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹಳೆಯ ಟೈರು ರಾಶಿ ಬಿದ್ದಿರುವ ಕಡೆ.

ಪಂಕ್ಚರ್ ಅಂಗಡಿಯ ಹಿಂದೆ ಮೈದುನ ಟ್ಯೂಬೊಂದನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಅತ್ತಿಗೆಯನ್ನು ಕಂಡು ಎದ್ದು ನಿಂತ.

"ನಾನೇ ಬೆರೆಸಿದೆ, ನಾನೇ ಹೊಡೆದೆ," ಅಂದಳು ಅವಳು. "ಒಂದೂ ಸಾಯಲಿಲ್ಲ. ತಪ್ಪು ನಿಂದಲ್ಲ. ನಾನು ಹಾಗೆ ಕೇಳಬಾರದಿತ್ತು ಕಣೋ."

"ಅಂದ್ರೆ ಸೊಳ್ಳೆ ಬಂದು ಸಾಕ್ಷಿ ಹೇಳಿದ ಮೇಲೆ ನಂಬಿಕೆ ಬಂತು."

ಹೊಗೆಯಕ್ಕ ಸೊಂಟದ ಮೇಲಿದ್ದ ಕೈ ಕೆಳಗಿಳಿಸಿದಳು. ಅವಳ ಜೀವಮಾನದಲ್ಲಿ ಅಂಥ ಗಳಿಗೆಗಳು ಅಪರೂಪ. "ಹೌದು," ಎಂದಳು. "ಅಷ್ಟು ದಡ್ಡಿ ನಾನು."

ಮೈದುನ ಮತ್ತೆ ಟ್ಯೂಬಿನ ಕಡೆ ಬಾಗಿದ. ಆದರೆ ಅವಳು ಟೈರಿನೊಳಗೆ ಕೈಹಾಕಿ ನೀರು ಚೆಲ್ಲುವುದನ್ನು ನೋಡಿ ಸಹಿಸಲಾಗಲಿಲ್ಲ. "ಹಾಗಲ್ಲ, ಕೆಸರು ಬರುತ್ತೆ," ಎಂದು ಸೌಟು ತಂದು, ಟೈರನ್ನು ಓರೆ ಮಾಡಿ, ಮರಿಗಳಿದ್ದ ಮೇಲುನೀರನ್ನಷ್ಟೇ ಮೊಗೆದು ಮೊಗೆದು ಡಬ್ಬಿ ತುಂಬಿಸಿಕೊಟ್ಟ.

ಮರಿಗಳು ರೆಕ್ಕೆ ಬಂದು ಮೇಲೆದ್ದ ಮೇಲೆ ಡಾಕ್ಟರು ಅವಳನ್ನು ಕರೆಸಿದರು. ಅವಳು ಹಟ ಹಿಡಿದು ಆರೋಗ್ಯಾಧಿಕಾರಿಯನ್ನೂ, ಅಂಚೆ ಮಾಸ್ತರರನ್ನೂ, ಪಂಕ್ಚರ್ ಅಂಗಡಿಯಿಂದ ಮೈದುನನನ್ನೂ ನೆಲಮಾಳಿಗೆಗೆ ಇಳಿಸಿದಳು. ಮೇಜಿನ ಮೇಲೆ ಎರಡು ಗಾಜಿನ ಬಾಟಲಿಗಳಿದ್ದವು. ಎರಡರ ಒಳಮೈಗೂ ನಗರಸಭೆಯ ಔಷಧಿಯನ್ನೇ ಒಂದೇ ಪ್ರಮಾಣದಲ್ಲಿ ಸವರಿ ಒಣಗಿಸಿದ್ದರು. ಒಂದಕ್ಕೆ ಅರಮನೆಯವರು, ಇನ್ನೊಂದಕ್ಕೆ ಟೈರಿನವರು.

ಸ್ವಲ್ಪ ಹೊತ್ತಿಗೇ ಅರಮನೆಯ ಸೊಳ್ಳೆಗಳು ತೂರಾಡತೊಡಗಿದವು. ಒಂದೊಂದಾಗಿ ತಳಕ್ಕೆ ಬಿದ್ದು ಕಾಲು ಮೇಲೆ ಮಾಡಿದವು. ಪಕ್ಕದ ಬಾಟಲಿಯಲ್ಲಿ ಟೈರಿನವು ಗಾಜಿಗೆ ಅಂಟಿಕೊಂಡು, ಮದುವೆಮನೆಗೆ ಬಂದ ನೆಂಟರ ಹಾಗೆ ಮೀಸೆ ತಿರುವುತ್ತ ಕೂತಿದ್ದವು. ಬಹಳ ಹೊತ್ತಾದ ಮೇಲೂ ಬೆರಳೆಣಿಕೆಯಷ್ಟು ಬಿದ್ದಿರಬಹುದು.

ಅಂಚೆ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಔಷಧಿ ಸರಿಯಾಗೇ ಇದೆ," ಎಂದರು ಮೆಲ್ಲಗೆ. ಆಮೇಲೆ ಮೈದುನನ ಕಡೆ ತಿರುಗಿ, "ನಾನು ನಿನ್ನ ಹೆಸರು ಎತ್ತಿದ್ದು ತಪ್ಪಾಯ್ತಪ್ಪ. ಮೊಮ್ಮಗಳ ಸಂಕಟ, ಕಣ್ಣು ಕಾಣಿಸಲಿಲ್ಲ," ಎಂದರು. ಅಧಿಕಾರಿ ಅಲ್ಲೇ, ನಿಂತ ನಿಲುವಿನಲ್ಲೇ, ನಾಳೆಯಿಂದ ಕೆಲಸಕ್ಕೆ ಬಾ ಅಂದರು.

ಹೊಗೆಯಕ್ಕನ ತಲೆಯಲ್ಲಿ ಬೇರೆಯೇ ಪ್ರಶ್ನೆ ಕೊರೆಯುತ್ತಿತ್ತು. "ಡಾಕ್ಟರಮ್ಮ, ಇವು ಎಲ್ಲಿಂದಲೋ ಬಂದ ಬೇರೆ ಜಾತಿನಾ?"

"ಅದೇ ಜಾತಿ. ವಿಷ ಮೈಗೆ ಹೊಕ್ಕರೆ ಅದನ್ನ ಒಡೆದು ಹಾಕೋ ಕಿಣ್ವ ಎಲ್ಲ ಸೊಳ್ಳೆಯಲ್ಲೂ ಇದೆ. ಅದನ್ನ ಮಾಡೋ ಜೀನೂ ಎಲ್ಲದರಲ್ಲೂ ಇದೆ. ವ್ಯತ್ಯಾಸ ಇರೋದು ಎಷ್ಟು ಮಾಡುತ್ತೆ ಅನ್ನೋದ್ರಲ್ಲಿ. ನಲ್ಲಿ ಅಂತ ಇಟ್ಕೋ. ಅರಮನೆಯವರ ಮನೇಲಿ ಹನಿ ಹನಿಯಾಗಿ ತೊಟ್ಟಿಕ್ಕುತ್ತೆ. ನಿನ್ನ ಟೈರಿನವರ ಮನೇಲಿ ಪೂರ್ತಿ ಬಿಚ್ಚಿಕೊಂಡಿದೆ, ದಿನವಿಡೀ ಸುರೀತಿದೆ. ವಿಷ ಒಳಗೆ ಹೋಗೋದೇ ತಡ, ತೊಳೆದು ಹಾಕಿಬಿಡುತ್ತೆ."

"ಹಾಗಂತ ಹೇಗೆ ಗೊತ್ತು?" ಎಂದರು ಅಂಚೆ ಮಾಸ್ತರರು.

"ಒಳ್ಳೇ ಪ್ರಶ್ನೆ." ಡಾಕ್ಟರು ಮೂರನೆಯ ಬಾಟಲಿ ತೆಗೆದರು. ಆ ಕಿಣ್ವದ ಕೈ ಕಟ್ಟಿಹಾಕುವ ಇನ್ನೊಂದು ದ್ರಾವಣ ಅವರ ಬಳಿ ಇತ್ತು. ಅದರಿಂದ ಸೊಳ್ಳೆ ಸಾಯುವುದಿಲ್ಲ, ಕಿಣ್ವ ಮಾತ್ರ ಕೆಲಸ ಮಾಡದು. ಟೈರಿನ ಸೊಳ್ಳೆಗಳನ್ನು ಮೊದಲು ಅದರಲ್ಲಿ ಕೂರಿಸಿ, ಆಮೇಲೆ ಔಷಧಿಯ ಬಾಟಲಿಗೆ ಬಿಟ್ಟರು. ಈಗ ಅವೂ ತೂರಾಡಿದವು, ಅವೂ ಬಿದ್ದವು. ಕೆಲವು ಮಾತ್ರ ಉಳಿದುಕೊಂಡವು.

"ಆ ಕೆಲವು?" ಹೊಗೆಯಕ್ಕ ಬಿಡಲಿಲ್ಲ.

"ಅವುಗಳದ್ದು ಇನ್ನೊಂದು ದಾರಿ. ಔಷಧಿ ಹೋಗಿ ಕೂರೋ ಜಾಗಾನೇ ಬದಲಾಗಿದೆ. ಬೀಗ ಬದಲಾಯಿಸಿದ ಮನೆಗೆ ಹಳೇ ಕೀಲಿ ಹಿಡ್ಕೊಂಡು ಹೋದ ಹಾಗೆ. ಅಲ್ಲಿ ಜೀನ್ ಬರಹದಲ್ಲೇ ಒಂದಕ್ಷರ ಬೇರೆ. ಉಳಿದವುಗಳಲ್ಲಿ ಕಿಣ್ವದ ಬರಹ ಹಳೇದೇ, ಓದೋ ಜೋರು ಬೇರೆ."

"ನಮ್ಮ ಹೊಗೆಗೆ ಹೆದರಿ ಕಲಿತುಕೊಂಡ್ವಾ ಹಾಗಾದ್ರೆ?"

"ಎಲ್ಲರೂ ಹಾಗೇ ಅನ್ಕೋತಾರೆ. ಯಾವ ಸೊಳ್ಳೆನೂ ಏನೂ ಕಲೀಲಿಲ್ಲಮ್ಮ. ನೀನು ಹೊಗೆ ಬಿಡೋಕೆ ಮುಂಚೇನೇ, ಲಕ್ಷದಲ್ಲಿ ಒಂದೋ ಎರಡೋ ನಲ್ಲಿ ಸಡಿಲ ಆಗೇ ಹುಟ್ಟಿದ್ವು. ಹೊಗೆ ಬಂತು, ಗಟ್ಟಿ ನಲ್ಲಿಯವು ಸತ್ವು, ಸಡಿಲದವು ಬದುಕಿದ್ವು. ಖಾಲಿ ಊರು, ತುಂಬಿದ ಡ್ರಮ್ಮು, ಪೈಪೋಟಿಗೆ ಯಾರೂ ಇಲ್ಲ. ಮೊಟ್ಟೆ ಇಟ್ವು. ಮಕ್ಕಳಿಗೂ ಅಮ್ಮನ ನಲ್ಲಿ. ಮುಂದಿನ ವಾರ ನೀನು ಮತ್ತೆ ಬಂದೆ, ಮತ್ತೆ ಆರಿಸಿದೆ. ಇಷ್ಟು ವರ್ಷ ಜರಡಿ ಹಿಡಿದಿದ್ದು ನೀನು."

ಎಲ್ಲರ ಕಣ್ಣೂ ಹೊಗೆಯಕ್ಕನ ಮೇಲಿತ್ತು. ಅವಳು ಗಲ್ಲಕ್ಕೆ ಕೈಯಿಟ್ಟುಕೊಂಡು ಬಾಟಲಿಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಜೋರಾಗಿ ನಕ್ಕಳು.

"ಅಂದ್ರೆ ಇಷ್ಟು ದಿನ ನಾನು ಸೊಳ್ಳೆ ಕೊಲ್ತಿದ್ದೀನಿ ಅಂತ ಬೀಗ್ತಾ ಇದ್ದೆ. ನಾನು ಮಾಡ್ತಾ ಇದ್ದಿದ್ದು ಸೊಳ್ಳೆ ಸಾಕಣೆ! ನಿಮ್ಮದು ಒಂದು ಕೋಣೆ, ನನ್ನದು ಇಡೀ ಊರು."

ಡಾಕ್ಟರೂ ನಕ್ಕರು, ಅಧಿಕಾರಿಯೂ ನಕ್ಕರು. ಆದರೆ ನಗು ಮುಗಿದ ಮೇಲೆ ಅವಳು ಕೇಳಿದ್ದು ಗಟ್ಟಿ ಮಾತು. "ಸರಿ, ಆರಿಸಿದ್ದು ನಾನಾದ್ರೆ ಬೇರೆ ಥರ ಆರಿಸೋಕೂ ಬರುತ್ತೆ. ಈ ನಲ್ಲಿ ಪೂರ್ತಿ ಬಿಟ್ಕೊಂಡು ಬದುಕೋದು ಅವಕ್ಕೇನು ಪುಕ್ಕಟೆನಾ?"

"ಪುಕ್ಕಟೆ ಅಲ್ಲ," ಡಾಕ್ಟರ ಕಣ್ಣು ಅರಳಿತು. "ಕಿಣ್ವ ಮಾಡೋಕೆ ಖರ್ಚಾಗೋ ಶಕ್ತಿ ಮೊಟ್ಟೆಗೆ ಸಿಗಲ್ಲ. ಹೊಗೆ ಇರೋ ತನಕ ಆ ಖರ್ಚು ಲಾಭ. ಹೊಗೆ ನಿಂತರೆ ದಂಡ. ಆಗ ಗಟ್ಟಿ ನಲ್ಲಿಯವು ಮೆಲ್ಲಗೆ ಮುಂದೆ ಬರಬಹುದು. ಬಂದೇ ಬರುತ್ತೆ ಅಂತ ಮಾತು ಕೊಡಲ್ಲ. ಕೆಲವು ಕಡೆ ಬಂದಿದೆ, ಕೆಲವು ಕಡೆ ಇಲ್ಲ."

"ಹೊಗೆ ನಿಲ್ಲಿಸಿದ್ರೆ ಜನ ನನ್ನ ಬಿಡ್ತಾರಾ?" ಅಧಿಕಾರಿ ಹಣೆ ಉಜ್ಜಿಕೊಂಡರು. "ಹೊಗೆ ಕಂಡ್ರೆ ತಾನೇ ಅವರಿಗೆ ಏನೋ ಕೆಲಸ ನಡೀತಿದೆ ಅನ್ಸೋದು?"

"ಜನದ ವಿಷಯ ನಂಗೆ ಬಿಡಿ, ಸರ್," ಅಂದಳು ಹೊಗೆಯಕ್ಕ.

ಯಂತ್ರ ಗೋದಾಮಿನ ಗೋಡೆಗೆ ಒರಗಿತು. ಇನ್ನು ಮೇಲೆ ಜ್ವರ ಬಂದ ಮನೆಯ ಸುತ್ತ ಮಾತ್ರ ಹೊಗೆ, ಅದೂ ಡಾಕ್ಟರು ಬಾಟಲಿಯಲ್ಲಿ ನೋಡಿ ಆರಿಸಿದ ಬೇರೆ ಬಗೆಯ ಔಷಧಿಯಲ್ಲಿ. ಉಳಿದ ಕೆಲಸವೆಲ್ಲ ನೀರಿನದು. ತಂಡ ಮನೆಮನೆಗೆ ನುಗ್ಗಿ ಡ್ರಮ್ಮು ಕವುಚಿತು, ಹೂಕುಂಡದ ತಟ್ಟೆ ಒಣಗಿಸಿತು, ತೊಟ್ಟಿಗಳಿಗೆ ಮರಿ ತಿನ್ನುವ ಮೀನು ಬಿಟ್ಟಿತು. ಮೊದಲ ವಾರ ಹೊಗೆಯಕ್ಕ ತಿಂದ ಬೈಗುಳಕ್ಕೆ ಲೆಕ್ಕವಿರಲಿಲ್ಲ. ನೀರಿಗಾಗಿ ಬಾಯಿಬಿಡುವ ಬಡಾವಣೆಯಲ್ಲಿ ತುಂಬಿದ ಡ್ರಮ್ಮು ಚೆಲ್ಲುವುದೆಂದರೆ ಯಾರು ತಾಳುತ್ತಾರೆ? ಒಬ್ಬಾಕೆಯಂತೂ ಡ್ರಮ್ಮನ್ನು ತಬ್ಬಿ ನಿಂತು, "ನನ್ನ ಹೆಣದ ಮೇಲೆ ಚೆಲ್ಲು" ಎಂದಳು.

ಆಕೆಯ ಮಾತಿನಲ್ಲಿ ನ್ಯಾಯವಿದೆ ಎಂದು ಹೊಗೆಯಕ್ಕನಿಗೂ ಅನ್ನಿಸಿತು. ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡಳು. ದರ್ಜಿ ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿದ. "ಚೆಲ್ಲೋದು ಯಾಕೆ? ಟೋಪಿ ಹಾಕಿದ್ರಾಗಲ್ವಾ?" ಎಂದ. ಟೇಪು ತೆಗೆದುಕೊಂಡು ಬೀದಿಗೆ ಹೋಗಿ ಡ್ರಮ್ಮಿನ ಬಾಯಿಯ ಸುತ್ತಳತೆ ತೆಗೆದ. ಒತ್ತು ನೇಯ್ಗೆಯ ತೆಳುಬಟ್ಟೆಗೆ ಅಂಚಿನಲ್ಲಿ ಎಲಾಸ್ಟಿಕ್ ಕೊಟ್ಟು ಹೊಲಿದ. ಡ್ರಮ್ಮಿಗೆ ಅದು ತಲೆಗೆ ಟೋಪಿ ಕೂತ ಹಾಗೆ ಕೂತಿತು. ನೀರು ಸೋಸಿ ಒಳಗಿಳಿಯುತ್ತದೆ, ಸೊಳ್ಳೆಗೆ ದಾರಿಯಿಲ್ಲ.

ಆ ಟೋಪಿಗಳನ್ನು ಹಂಚುವ ಕೆಲಸ ಅಂಚೆ ಮಾಸ್ತರರಿಗೆ ಒಪ್ಪಿತು. ಮೊಮ್ಮಗಳು ಚೇತರಿಸಿಕೊಂಡಿದ್ದಳು. ಜೀವಮಾನವಿಡೀ ಅಂಚೆ ಕಚೇರಿಯಲ್ಲಿ ಕೂತು ಊರವರನ್ನೆಲ್ಲ ಕಂಡ ಮನುಷ್ಯ, ಯಾವ ಮನೆಯಲ್ಲಿ ಯಾರಿಗೆ ಹೇಗೆ ಹೇಳಿದರೆ ಕೆಲಸವಾಗುತ್ತದೆ ಎಂಬುದು ಅವರಿಗೆ ಕರತಲಾಮಲಕ.

ಮೈದುನ ಕೆಲಸಕ್ಕೇನೋ ಬಂದ. ಮನೆಗೆ ಬರಲಿಲ್ಲ. ಗೋದಾಮಿನಲ್ಲಿ "ಅತ್ತಿಗೆ, ಇದು ಎಲ್ಲಿಡ್ಲಿ?" ಎನ್ನುವಷ್ಟೇ ಮಾತು. ಹೊಗೆಯಕ್ಕ ಒತ್ತಾಯ ಮಾಡಲಿಲ್ಲ. ಕೀಲಿಕೈ ಗೊಂಚಲನ್ನು ಮಾತ್ರ ಅವನ ಕೈಗೇ ಕೊಟ್ಟಳು. ಹೊಸ ಔಷಧಿಯ ಡಬ್ಬಿಗಳು ಬಂದಾಗ ಎಣಿಸಲೂ ಹೋಗಲಿಲ್ಲ. ಒಂದು ಭಾನುವಾರ ಟೋಪಿಗಳ ಮೂಟೆ ಒಯ್ಯಲು ಅವನು ಮನೆಬಾಗಿಲಿಗೆ ಬಂದ. ಅಣ್ಣ ಇನ್ನೂ ಕೊನೆಯ ಕೆಲವಕ್ಕೆ ಎಲಾಸ್ಟಿಕ್ ಹಾಕುತ್ತಿದ್ದ. "ಕೂತ್ಕೋ, ಆಗುತ್ತೆ," ಎಂದ ದರ್ಜಿ, ಬೇಕೆಂದೇ ನಿಧಾನ ಮಾಡುತ್ತ. ಒಳಗಿನಿಂದ ಹೊಗೆಯಕ್ಕ ಮೂರು ತಟ್ಟೆ ತಂದು ನೆಲಕ್ಕಿಟ್ಟಳು. ಮೈದುನ ಒಂದು ಗಳಿಗೆ ನಿಂತ, ಆಮೇಲೆ ಕೈ ತೊಳೆಯಲು ಹೋದ.

ಉಣ್ಣುತ್ತ ಅವನೇ ಮಾತು ತೆಗೆದ. "ಅತ್ತಿಗೆ, ಆ ತಿನ್ನರ್ ಬೆರೆಸಿದ್ದು ನಿಜ. ಅದನ್ನ ನಾನು ಇಲ್ಲ ಅನ್ನಲ್ಲ. ಆದರೆ ನೀವು ನನ್ನ ಹೊಣೆ ಹೊತ್ತ ದಿನದಿಂದ ಒಂದು ತೊಟ್ಟು ಅತ್ತ ಇತ್ತ ಮಾಡಿಲ್ಲ."

"ಗೊತ್ತು ಕಣೋ. ಈಗ ಗೊತ್ತು. ಅವತ್ತೇ ಗೊತ್ತಿರಬೇಕಿತ್ತು," ಎಂದಳು ಅವಳು. "ಇನ್ನೊಂದು ತುತ್ತು ಹಾಕ್ಕೋ, ಎಲುಬು ಕಾಣಿಸ್ತಿದೆ."

ಮುಂದಿನ ಮಳೆಗಾಲ ಜ್ವರ ಪೂರ್ತಿ ನಿಲ್ಲಲಿಲ್ಲ. ಆದರೆ ಆಸ್ಪತ್ರೆಯ ವರಾಂಡದಲ್ಲಿ ಹಾಸಿಗೆ ಹಾಕುವ ಪ್ರಸಂಗ ಬರಲಿಲ್ಲ. ಅದರ ಮುಂದಿನ ವರ್ಷ ಇನ್ನೂ ತಗ್ಗಿತು. ಪ್ರತಿ ಋತುವಿನಲ್ಲೂ ಮೈದುನ ಸೌಟು ಹಿಡಿದು ಮರಿ ಮೊಗೆದು ತರುತ್ತಿದ್ದ. ಡಾಕ್ಟರು ಹಳೆಯ ಔಷಧಿಯ ಬಾಟಲಿಯಲ್ಲಿ ಅವನ್ನು ನೋಡುತ್ತಿದ್ದರು. ಮೊದಲೆರಡು ವರ್ಷ ಏನೂ ಹೆಚ್ಚುಕಡಿಮೆ ಕಾಣಲಿಲ್ಲ. ಮೂರನೆಯ ವರ್ಷ, ಬಾಟಲಿಯ ಅರ್ಧಕ್ಕರ್ಧ ಸೊಳ್ಳೆಗಳು ತೂರಾಡಿ ತಳ ಸೇರಿದವು. ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ಕೂಗಿದರು: "ಬಾರೇ ಇಲ್ಲಿ! ನಿನ್ನ ಜರಡಿ ತಿರುಗಿದೆ!" ಬೀಗ ಬದಲಾಯಿಸಿಕೊಂಡ ಕೆಲವು ಇನ್ನೂ ಗಾಜಿಗಂಟಿಕೊಂಡೇ ಇದ್ದವು. ಅವು ಬೇಗ ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇರಲಿ, ನಾವೂ ಎಲ್ಲಿಗೂ ಹೋಗುವುದಿಲ್ಲ ಎಂದಳು ಹೊಗೆಯಕ್ಕ.

ಸುದ್ದಿ ಹಬ್ಬಿತು. ಪಕ್ಕದ ಪಟ್ಟಣದವರು ತಮ್ಮ ತಂಡಕ್ಕೂ ಬಾಟಲಿ ಪರೀಕ್ಷೆ ಕಲಿಸಿಕೊಡಿ ಎಂದು ಕರೆ ಕಳಿಸಿದರು. ಡಾಕ್ಟರು ತಮ್ಮ ಬದಲು ಅವಳನ್ನೇ ಹೋಗು ಎಂದರು. ಅವಳು ಮೈದುನನನ್ನೂ ಹೊರಡಿಸಿದಳು. ತೊಡೆಯ ಮೇಲೆ ಪರದೆ ಬಿಗಿದ ಎರಡು ಪೆಟ್ಟಿಗೆ ಇಟ್ಟುಕೊಂಡು ಇಬ್ಬರೂ ಬಸ್ಸಿನಲ್ಲಿ ಕೂತರು. ಕಾಲಿಡಲು ಜಾಗವಿಲ್ಲದಷ್ಟು ಜನ. ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದು ಪೆಟ್ಟಿಗೆಯತ್ತ ಬಾಗಿದ.

"ಇದರಲ್ಲೇನಮ್ಮ, ಕೋಳಿ ಮರಿನಾ? ಅದಕ್ಕೂ ಟಿಕೆಟ್ ತಗೋಬೇಕು."

"ಸೊಳ್ಳೆ," ಅಂದಳು ಹೊಗೆಯಕ್ಕ, ತನ್ನ ಬೀದಿಯ ಗಂಟಲಿನಲ್ಲಿ. "ಒಂದರಲ್ಲಿ ಸಾಯೋವು, ಇನ್ನೊಂದರಲ್ಲಿ ಸಾಯದೇ ಇರೋವು. ಎಣಿಸಿಕೊಂಡು ಟಿಕೆಟ್ ಕೊಡಿ."

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ಎದುರಿನ ಸೀಟಿನವರು ಎದ್ದು ಹಿಂದಕ್ಕೆ ಹೋದರು, ಪಕ್ಕದವರೂ ಎದ್ದರು. ಮೈದುನ ಕಾಲು ಚಾಚಿ, ಖಾಲಿಯಾದ ಸೀಟಿನ ಮೇಲೆ ಪೆಟ್ಟಿಗೆಯನ್ನು ಜೋಪಾನವಾಗಿ ಇಟ್ಟು, ಅತ್ತಿಗೆಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ.